ಕಾಣದೆ ಕಟ್ಟಿದ ಪಣ

ಎಲೆ ಕೈಗೆ ಬರುವ ಮೊದಲೇ ಹಣ ಕೈಬಿಡುವ ಆಟವೊಂದುಂಟು. ಇಸ್ಪೀಟಿನ ಕುಲದಲ್ಲಿ ಹುಟ್ಟಿ, ಅಮೆರಿಕದ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಬೆಳೆದು, ಕೊನೆಗೆ ನೆವಾಡದ ಮರುಭೂಮಿಯ ಲಾಸ್ ವೇಗಸ್ ನಗರದಲ್ಲಿ ಮನೆಮಾಡಿಕೊಂಡ ಪೋಕರ್ ಆಟ ಅದು. ರಮ್ಮಿಯಾಡುವವರು ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ನೋಡಿದ ಮೇಲೆ ಆಡುವುದೋ ಬಿಡುವುದೋ ಎಂದು ಯೋಚಿಸುತ್ತಾರೆ. ಪೋಕರಿನ ಮೇಜಿನ ಸುತ್ತ ಕುಳಿತ ಒಂಬತ್ತು ಮಂದಿಯಲ್ಲಿ ಇಬ್ಬರಿಗೆ ಆ ಭಾಗ್ಯವಿಲ್ಲ. ತಮಗೆ ಬರಲಿರುವುದು ಎಕ್ಕವೋ ಎರಡೋ ತಿಳಿಯದೆ ಅವರು ಮುಂಚಿತವಾಗಿಯೇ ಪಣವಿಟ್ಟಿರಬೇಕು. ಕಡಿಮೆ ಇಡುವವನು ಸ್ಮಾಲ್ ಬ್ಲೈಂಡ್. ಅದರ ಎರಡರಷ್ಟು ಇಡುವವನು ಬಿಗ್ ಬ್ಲೈಂಡ್. ಬ್ಲೈಂಡ್ ಎಂದರೆ ಕುರುಡು. ಕಾಣದೆ ಕಟ್ಟುವ ಪಣವಾದುದರಿಂದ ಆ ಹೆಸರು. ಈ ಸರದಿ ಮೇಜನ್ನು ಸುತ್ತುತ್ತಲೇ ಇರುತ್ತದೆ. ಯಾರಿಗೂ ಅದರಿಂದ ವಿನಾಯಿತಿ ಇಲ್ಲ.

ಹೀಗೆ ಪಣ ಕಟ್ಟಿ ಕುಳಿತವನ ಕೈಗೆ ಒಂಬತ್ತು ಮತ್ತು ಆರು ಬಂದಿವೆಯೆಂದು ಭಾವಿಸೋಣ. ಎದುರಿನವನೊಬ್ಬ ಪಣವನ್ನು ಏರಿಸಿದ್ದಾನೆ. ಉಳಿದವರೆಲ್ಲ ಎಲೆ ಕೆಳಗಿಟ್ಟು ಕೈಕಟ್ಟಿ ಕುಳಿತಿದ್ದಾರೆ. ಈಗ ಈ ಬಡ ಎಲೆಗಳನ್ನು ನಂಬಿ ಇನ್ನಷ್ಟು ಕೊಟ್ಟು ಸರಿಗಟ್ಟಬೇಕೆ, ಅಥವಾ ಇಟ್ಟದ್ದು ಹೋಯಿತೆಂದು ಎಲೆ ಬಿಸಾಡಬೇಕೆ? ಪೋಕರ್ ಪಂದ್ಯಾವಳಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಆಟಗಾರರು ಇದನ್ನು ಬಿಗ್ ಬ್ಲೈಂಡಿನ ರಕ್ಷಣೆ ಎನ್ನುತ್ತಾರೆ. ಆ ‘ರಕ್ಷಣೆ’ ಎಂಬ ಮಾತಿನಲ್ಲಿಯೇ ಒಂದು ಮೋಸ ಅಡಗಿದೆ. ಅದನ್ನು ಸ್ವಲ್ಪ ಹೊತ್ತಿನ ಮೇಲೆ ನೋಡಬಹುದು.

ಮೊದಲು ಆಟದ ಕ್ರಮ. ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದಂತೆ ಐದು ಎಲೆಗಳು ಬಿಚ್ಚಿಕೊಳ್ಳುತ್ತವೆ: ಮೊದಲು ಮೂರು, ಅದು ಫ್ಲಾಪ್; ಆಮೇಲೆ ಒಂದು, ಅದು ಟರ್ನ್; ಕೊನೆಗೊಂದು, ಅದು ರಿವರ್. ಈ ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿಕೊಂಡವನದೇ ಗೆಲುವು. ಒಂದೊಂದು ಹಂತದಲ್ಲಿಯೂ ಪಣ ಏರಿಸುವ, ಸರಿಗಟ್ಟುವ, ಬಿಟ್ಟೇಳುವ ಅವಕಾಶ ಉಂಟು. ಹಂಚುವವನ ಗುರುತಾಗಿ ಒಂದು ದುಂಡು ಬಿಲ್ಲೆ ಇರುತ್ತದೆ; ಅದಕ್ಕೆ ಬಟನ್ ಎಂದು ಹೆಸರು. ಅದು ಯಾರ ಮುಂದಿದೆಯೋ ಅವನು ಫ್ಲಾಪಿನಿಂದಾಚೆಗೆ ಕೊನೆಯಲ್ಲಿ ಮಾತನಾಡುವ ಭಾಗ್ಯವಂತ. ಬಿಗ್ ಬ್ಲೈಂಡಿನವನ ಸ್ಥಿತಿ ಇದಕ್ಕೆ ತಿರುಗುಮುರುಗು. ಫ್ಲಾಪಿಗೆ ಮೊದಲು ಕೊನೆಯ ಮಾತು ಅವನದು. ಅನಂತರ, ಸ್ಮಾಲ್ ಬ್ಲೈಂಡಿನವನು ಬಿಟ್ಟಿದ್ದರೆ, ಅವನೇ ಮೊದಲು ಬಾಯಿ ಬಿಡಬೇಕು. ಹೆಣ್ಣು ನೋಡಲು ಬಂದವರ ಮುಂದೆ ವರದಕ್ಷಿಣೆಯ ಮಾತನ್ನು ತಾನೇ ಮೊದಲು ಎತ್ತಬೇಕಾದ ತಂದೆಯ ಸಂಕಟವನ್ನು ಬಲ್ಲವರಿಗೆ ಈ ಸ್ಥಾನದ ಕಷ್ಟವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಂತಹ ಬಲವಂತದ ಪಣವಾದರೂ ಏಕೆ? ಅದಿಲ್ಲದಿದ್ದರೆ ಆಟವೇ ನಡೆಯದು. ಕಾಯುವುದಕ್ಕೆ ಖರ್ಚಿಲ್ಲದಿದ್ದರೆ ಬುದ್ಧಿವಂತನಾದವನು ಜೋಡಿ ಎಕ್ಕ ಬರುವವರೆಗೂ ಕಾಫಿ ಕುಡಿಯುತ್ತ ಕುಳಿತಾನು. ಜೋಡಿ ಎಕ್ಕ ಬರುವುದು 221 ಹಂಚಿಕೆಗಳಿಗೆ ಸರಾಸರಿ ಒಂದು ಸಲ. ಪಂದ್ಯದಲ್ಲಿ ಕಾಯುವುದಕ್ಕೆ ಬಾಡಿಗೆ ಉಂಟು. ಸ್ಮಾಲ್ ಬ್ಲೈಂಡ್ 500, ಬಿಗ್ ಬ್ಲೈಂಡ್ 1,000, ಇದರ ಮೇಲೆ ಇಡೀ ಮೇಜಿನ ಪರವಾಗಿ ಬಿಗ್ ಬ್ಲೈಂಡಿನವನೇ ತೆರುವ ಆಂಟಿ ಎಂಬ ಕಾಣಿಕೆ 1,000 ಎಂದಿಟ್ಟುಕೊಂಡರೆ, ಒಂಬತ್ತು ಮಂದಿಯ ಮೇಜು ಒಂದು ಸುತ್ತು ತಿರುಗುವಷ್ಟರಲ್ಲಿ ತಲೆಗೆ 2,500 ಖರ್ಚು. 25,000 ಬಿಲ್ಲೆಗಳ ಒಡೆಯ ಹತ್ತು ಸುತ್ತುಗಳಲ್ಲಿ, ಎಂದರೆ 90 ಹಂಚಿಕೆಗಳಲ್ಲಿ, ಕುಳಿತಲ್ಲೇ ಬರಿಗೈಯಾಗುತ್ತಾನೆ. ಆ 90ರಲ್ಲಿ ಒಮ್ಮೆಯಾದರೂ ಜೋಡಿ ಎಕ್ಕ ಕಾಣುವ ಸಂಭವ ಮೂರರಲ್ಲಿ ಒಂದು ಮಾತ್ರ. ಪಂದ್ಯದಲ್ಲಿ ಬ್ಲೈಂಡುಗಳು ಗೊತ್ತಾದ ಕಾಲಕ್ಕೆ ಏರುತ್ತಲೂ ಹೋಗುವುದರಿಂದ ವಾಸ್ತವ ಇನ್ನೂ ಕಠೋರ. ಬಾಡಿಗೆಯೂ ಬೆಳೆಯುವ ಮನೆಯಲ್ಲಿ ಲಾಟರಿಯ ನಿರೀಕ್ಷೆಯಲ್ಲಿ ಕುಳಿತವನ ಪಾಡು ಅದು.

ಇಸ್ಪೀಟು, ಪಣ ಎಂದೊಡನೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಆ ಗಂಟಿಗೆ ಕಾರಣಗಳೂ ಬೇಕಷ್ಟಿವೆ. 2025ರ ಆಗಸ್ಟ್ ತಿಂಗಳಲ್ಲಿ ಭಾರತದ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿದ್ದೂ ಮುರಿದ ಮನೆಗಳನ್ನು ಕಂಡೇ. ಆದರೆ ಆಡುವುದು ಬೇರೆ, ಆಟದ ಒಳಗಣ ವಿಚಾರವನ್ನು ಅರಿಯುವುದು ಬೇರೆ. ಮಹಾಭಾರತದ ನಳನ ಕಥೆಯನ್ನು ನೆನೆಯಬಹುದು. ಪಗಡೆಯಲ್ಲಿ ರಾಜ್ಯವನ್ನೇ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ ಹೋಗುತ್ತಿದ್ದಾಗ, ಆ ರಾಜ ದಾರಿಬದಿಯ ತಾರೆ ಮರದ ಎಲೆಗಳನ್ನೂ ಕಾಯಿಗಳನ್ನೂ ಒಂದೇ ನೋಟಕ್ಕೆ ಎಣಿಸಿ ಹೇಳಿದನಂತೆ. ನಳ ಮರವನ್ನು ಕಡಿದು ಎಣಿಸಿದ, ಲೆಕ್ಕ ಸರಿಯಾಗಿತ್ತು. ಆ ವಿದ್ಯೆಯೇ ಅಕ್ಷಹೃದಯ. ತಾರೆಕಾಯಿಯೇ ಆ ಕಾಲದ ದಾಳವಾಗಿದ್ದುದನ್ನು ನೆನೆದರೆ ಮರ ಎಣಿಸಿದವನಿಗೆ ಜೂಜಿನ ಹೃದಯ ಗೊತ್ತಿದ್ದುದು ಅಚ್ಚರಿಯಲ್ಲ. ಕಳೆದುಕೊಂಡ ನಳನಿಗೆ ವ್ಯಾಸರು ಉಪದೇಶವನ್ನಷ್ಟೇ ಕೊಟ್ಟು ಕಳುಹಿಸಲಿಲ್ಲ, ಲೆಕ್ಕವನ್ನು ಕೊಟ್ಟರು. ಧರ್ಮರಾಯನಿಗೋ ಜೂಜೆಂದರೆ ಪ್ರೀತಿ, ಆಡಲು ಬಾರದು. ಅದಕ್ಕಿಂತ ಹೆಚ್ಚಾಗಿ, ಹಲಗೆಯ ಮುಂದಿನಿಂದ ಏಳಲು ಬಾರದು.

ಇನ್ನು ಒಂಬತ್ತು-ಆರರ ಲೆಕ್ಕ. ಬಟನ್ ಮುಂದಿರುವವನು ಪಣವನ್ನು 2,200ಕ್ಕೆ ಏರಿಸಿದ; ಸ್ಮಾಲ್ ಬ್ಲೈಂಡಿನವನು ಬಿಟ್ಟ. ನಡುವೆ ಬಿದ್ದಿರುವ ರಾಶಿ: 500, 1,000, ಆಂಟಿ 1,000, ಏರಿಸಿದವನ 2,200, ಒಟ್ಟು 4,700. ಬಿಗ್ ಬ್ಲೈಂಡಿನವನು ಕೊಡಬೇಕಾದುದು ಇನ್ನು 1,200 ಮಾತ್ರ. ಕೊಟ್ಟ ಮೇಲೆ ರಾಶಿ 5,900 ಆಗುತ್ತದೆ. ಎಂದರೆ ಐದು ಸಲಕ್ಕೆ ಒಂದು ಸಲಕ್ಕಿಂತ ತುಸು ಹೆಚ್ಚು ಗೆದ್ದರೂ ನಷ್ಟವಿಲ್ಲ. ಎದುರಾಳಿಯ ಕೈಯಲ್ಲಿ ಎಕ್ಕವೂ ರಾಜನೂ ಇದ್ದರೂ, ಇಸ್ಪೀಟಿನಲ್ಲಿಯೇ ಅತಿ ಹೀನವೆಂದು ಹೆಸರಾದ ಏಳು-ಎರಡು ಸಹ, ಐದು ಎಲೆಗಳೂ ಬಿಚ್ಚುವವರೆಗೆ ನಿಂತರೆ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಜೋಡಿ ಎಕ್ಕದ ಎದುರು ಮಾತ್ರ ಅದರ ಪಾಲು ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಕೇಳಿದವರು ಬೆರಗಾಗುವ ಲೆಕ್ಕ ಇದು. ಐದರಲ್ಲೊಂದರ ಬೆಲೆಗೆ ಮೂರರಲ್ಲೊಂದರ ಸರಕು!

ಹಾಗಾದರೆ ಹಳೆಯ ತಲೆಗಳು ‘ಕೆಟ್ಟ ಎಲೆ ಬಂದರೆ ಬಿಸಾಡು’ ಎಂದು ಬುದ್ಧಿ ಹೇಳಿದ್ದು ತಪ್ಪೇ? ಖಂಡಿತ ಅಲ್ಲ. ಅವರ ಕಾಲದ ಬೆಲೆಯೇ ಬೇರೆ. ಆಗ ಏರಿಸುವವನು ಮೂರರಷ್ಟು, 3,000ಕ್ಕೆ ಏರಿಸುತ್ತಿದ್ದ. ಪಂದ್ಯದ ಮೊದಲ ಹಂತಗಳಲ್ಲಿ ಆಂಟಿಯೂ ಇರುತ್ತಿರಲಿಲ್ಲ. 2,000 ಕೊಟ್ಟು 6,500ರ ರಾಶಿಗೆ ಕೈಹಾಕಬೇಕಾದರೆ ನೂರರಲ್ಲಿ 31 ಸಲ ಗೆಲ್ಲಬೇಕಾಗಿತ್ತು. ಈಚೆಗೆ ಏರಿಕೆ ಎರಡರಷ್ಟಕ್ಕೆ ಇಳಿಯಿತು. 2018ರ ಸುಮಾರಿಗೆ ಬಿಗ್ ಬ್ಲೈಂಡಿನವನೇ ಎಲ್ಲರ ಆಂಟಿ ತೆರುವ ಪದ್ಧತಿ ದೊಡ್ಡ ಪಂದ್ಯಗಳಲ್ಲಿ ಹರಡಿತು. 31 ಇದ್ದುದು 20ಕ್ಕೆ ಬಂತು. ಎಲೆಗಳು ಬದಲಾಗಲಿಲ್ಲ, ಅಂಗಡಿಯ ದರ ಇಳಿಯಿತು. ಅಜ್ಜನ ಕಾಲದ ದರಪಟ್ಟಿ ಹಿಡಿದು ಮಾರುಕಟ್ಟೆಗೆ ಹೋದವನು ಬರಿಯ ಚೀಲದಲ್ಲಿ ಹಿಂದಿರುಗುವಂತೆ, ಹಳೆಯ ಬುದ್ಧಿವಾದವನ್ನೇ ನೆಚ್ಚಿದವನು ಇಂದು ಕೊಳ್ಳಬೇಕಾದುದನ್ನೂ ಬಿಟ್ಟು ಬರುತ್ತಾನೆ.

ಆದರೂ ಬಲ್ಲವರು ಏಳು-ಎರಡನ್ನು ಇಂದಿಗೂ ಬಿಸಾಡುತ್ತಾರೆ. ಇದೇಕೆ? ಮೂರರಲ್ಲೊಂದು ಎಂಬುದು ಕಾಗದದ ಮೇಲಿನ ಪಾಲು. ಪಿತ್ರಾರ್ಜಿತ ಆಸ್ತಿಯ ವಿಭಾಗಪತ್ರದಲ್ಲಿ ಮೂರನೆಯ ಒಂದು ಪಾಲು ತನ್ನದೆಂದು ಬರೆದಿದ್ದರೂ, ಪಟ್ಟಣದಲ್ಲಿ ಗುಮಾಸ್ತಗಿರಿ ಮಾಡಿಕೊಂಡಿರುವ ಕಿರಿಯ ತಮ್ಮನಿಗೆ ಸುಗ್ಗಿಯಲ್ಲಿ ಎಷ್ಟು ಪಲ್ಲ ಭತ್ತ ತಲುಪೀತು? ಹೊಲದಲ್ಲಿ ನಿಂತು ಅಳೆಯುವವನು ಅಣ್ಣ. ಮಳೆ ಕಡಿಮೆ ಎನ್ನುತ್ತಾನೆ, ಇಲಿ ತಿಂದಿತು ಎನ್ನುತ್ತಾನೆ, ಕೂಲಿ ಹೆಚ್ಚಾಯಿತು ಎನ್ನುತ್ತಾನೆ. ತಮ್ಮನಿಗೆ ಎರಡು ಮೂಟೆ ಬಂದರೆ ಪುಣ್ಯ. ಬಿಗ್ ಬ್ಲೈಂಡಿನವನು ಈ ತಮ್ಮ. ಬಟನ್ ಮುಂದಿರುವವನು ಹೊಲದಲ್ಲಿ ನಿಂತ ಅಣ್ಣ. ಫ್ಲಾಪಿನಿಂದಾಚೆಗೆ ಮೂರು ಸಲ ಪಣದ ಮಾತು ಬರುತ್ತದೆ. ಮೂರು ಸಲವೂ ಬಿಗ್ ಬ್ಲೈಂಡಿನವನು ಮೊದಲು ಬಾಯಿಬಿಟ್ಟು, ಎದುರಾಳಿ ಎಲ್ಲವನ್ನೂ ನೋಡಿಕೊಂಡು ಉತ್ತರ ಹೇಳುತ್ತಾನೆ. ಕೊನೆಯವರೆಗೆ ನಿಂತಿದ್ದರೆ ಗೆಲ್ಲಬಹುದಾಗಿದ್ದ ಎಷ್ಟೋ ಕೈಗಳನ್ನು ನಡುದಾರಿಯಲ್ಲಿಯೇ ಬಿಟ್ಟೇಳಬೇಕಾಗುತ್ತದೆ. ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪಿನಲ್ಲಿ ಒಂದು ಜೋಡಿಯೂ ಕೂಡಿ ಬಾರದಿರುವುದು ಮೂರರಲ್ಲಿ ಎರಡು ಸಲ. ಕೈಗೆ ದಕ್ಕುವ ಪಾಲು ಬರೆದ ಪಾಲಿಗಿಂತ ಕಡಿಮೆಯಾಗುವುದು ಹೀಗೆ.

ಎಲ್ಲ ಬಡ ಎಲೆಗಳೂ ಸಮಾನ ಬಡವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಒಂದೇ ಜಾತಿಯ ಎಂಟು-ಏಳು, ಎರಡೂ ಆಟೀನೋ ಎರಡೂ ಕಳಾವರೋ ಆಗಿದ್ದರೆ, ನೋಡಲು ಬಡವಾದರೂ ನಾಲ್ಕು ಕಡೆ ಸಂಪಾದನೆಯ ದಾರಿಯುಳ್ಳ ಸಂಸಾರದಂತೆ. ಸಾಲು ಕಟ್ಟಬಹುದು, ಜಾತಿ ಕೂಡಬಹುದು, ಜೋಡಿಯಾಗಬಹುದು; ಫ್ಲಾಪಿನಲ್ಲಿ ಏನೂ ಕೂಡದಿದ್ದರೂ ಆಸೆಯ ಎಳೆಯೊಂದು ಉಳಿದಿರಬಹುದು. ಬೇರೆ ಬೇರೆ ಜಾತಿಯ ಏಳು-ಎರಡಕ್ಕೆ ಇಂಥ ದಾರಿಗಳು ತೀರ ವಿರಳ. ಜೋಡಿಯಾದರೂ ಅದು ಸಣ್ಣ ಜೋಡಿ. ಒಂಬತ್ತು-ಆರು ಈ ಎರಡರ ನಡುವಿನದು: ಇಂದಿನ ಬೆಲೆಗೆ ಕೊಳ್ಳಬಹುದಾದದ್ದು, ಅಜ್ಜನ ಕಾಲದ ಬೆಲೆಗೆ ಬೇಡವಾದದ್ದು.

ಬಿಟ್ಟುಕೊಡುತ್ತಲೇ ಇದ್ದರೆ ಆಗುವ ಕೇಡೂ ಒಂದುಂಟು. ಏರಿಸಿದವನು 2,200 ಒಡ್ಡಿ 2,500ನ್ನು ಕಬಳಿಸಲು ಹೊರಟಿದ್ದಾನೆ. ನೂರರಲ್ಲಿ 47 ಸಲ ಎಲ್ಲರೂ ಬಿಟ್ಟೆದ್ದರೆ ಸಾಕು, ಅವನು ತನ್ನ ಎಲೆಗಳನ್ನು ನೋಡದೆಯೇ ಏರಿಸುತ್ತ ಹೋಗಬಹುದು. ಪ್ರತಿ ವರ್ಷ ಬೇಲಿಯನ್ನು ಒಂದು ಗೇಣು ಇತ್ತ ಸರಿಸುವ ನೆರೆಯವನನ್ನು ಓದುಗರು ಬಲ್ಲರು. ಒಂದು ಗೇಣಿಗೆ ಕೋರ್ಟಿಗೆ ಹೋಗುವುದೇ ಎಂದು ಸುಮ್ಮನಿದ್ದ ಗೃಹಸ್ಥ ಹತ್ತು ವರ್ಷದ ಮೇಲೆ ತನ್ನ ಬಾವಿ ನೆರೆಯವನ ಹಿತ್ತಲಲ್ಲಿರುವುದನ್ನು ಕಾಣುತ್ತಾನೆ. ಆ ನೆರೆಯವನನ್ನು ತಡೆಯಲು ಪ್ರತಿ ಗೇಣಿಗೂ ಜಗಳವಾಡಬೇಕಾಗಿಲ್ಲ. ಆಗಾಗ ಬೇಲಿಯ ಬಳಿ ಬಂದು ನಿಲ್ಲುವನೆಂಬ ಅಳುಕು ಅವನಿಗಿದ್ದರೆ ಸಾಕು.

ಈಗ ‘ರಕ್ಷಣೆ’ ಎಂಬ ಮಾತಿಗೆ ಬರೋಣ. ರಕ್ಷಿಸುವುದು ಎಂದರೆ ತನ್ನದನ್ನು ರಕ್ಷಿಸುವುದು. ಬಿಗ್ ಬ್ಲೈಂಡಿನವನಿಗೆ ಮೇಜಿನ ನಡುವೆ ಬಿದ್ದಿರುವ ಆ ಸಾವಿರ ತನ್ನದೆಂಬ ಭಾವ ಹೋಗದು. ಅದು ಅವನದಲ್ಲ. ಮುಂದೆ ಸರಿಸಿದ ಗಳಿಗೆಯಲ್ಲಿಯೇ ಅದು ರಾಶಿಯದಾಯಿತು. ಅಲ್ಲಿರುವ 4,700ರಲ್ಲಿ ಯಾವ ಬಿಲ್ಲೆ ಯಾರದಾಗಿತ್ತೆಂದು ಬಿಲ್ಲೆಯ ಮೇಲೆ ಬರೆದಿಲ್ಲ. ಲೆಕ್ಕ ಬಲ್ಲವನು ಒಂಬತ್ತು-ಆರನ್ನು ಹಿಡಿದು ಸರಿಗಟ್ಟುವುದು ಬೆಲೆ ಅಗ್ಗವಾಗಿದೆ ಎಂದು. ಮಾನಧನನಾದ ಇನ್ನೊಬ್ಬ ಅದೇ ಒಂಬತ್ತು-ಆರನ್ನು ಹಿಡಿದು ಅದೇ 1,200ನ್ನು ಕೊಡುವುದು ‘ನನ್ನ ಹಣಕ್ಕೆ ಇವನು ಕೈಹಾಕುವುದೇ’ ಎಂಬ ಸಿಟ್ಟಿನಿಂದ. ಆ ಹೊತ್ತಿಗೆ ನೋಡುವವರ ಕಣ್ಣಿಗೆ ಇಬ್ಬರೂ ಒಂದೇ. ಭೇದ ತಿಳಿಯುವುದು ಆಮೇಲೆ.

ಇಬ್ಬರಿಗೂ 25,000 ಬಿಲ್ಲೆ. ಇಬ್ಬರಿಗೂ ಈ ಸಲ ಬಂದದ್ದು ಎಂಟು-ಏಳು ಎನ್ನೋಣ. ಸರಿಗಟ್ಟಿದ್ದಾರೆ. ಫ್ಲಾಪಿನಲ್ಲಿ ರಾಜ, ಎಂಟು, ಮೂರು ಬಿದ್ದಿವೆ. ಎಂಟರ ಜೋಡಿ ಕೂಡಿದೆ. ಮೇಲೆ ರಾಜ ಕುಳಿತಿದ್ದಾನೆ. ಎದುರಾಳಿ 1,900 ಕಟ್ಟಿದ. ರಾಶಿಯ ಲೆಕ್ಕದಲ್ಲಿ ಇದೂ ಐದರಲ್ಲೊಂದರ ಬೆಲೆಯೇ. ಇಬ್ಬರೂ ಸರಿಗಟ್ಟುತ್ತಾರೆ, ಇಬ್ಬರೂ ಸರಿ. ಟರ್ನಿನಲ್ಲಿ ಎರಡು ಬಂತು. ಯಾರಿಗೂ ಉಪಕಾರವಿಲ್ಲದ ಎಲೆ. ಎದುರಾಳಿ ಈಗ 7,000 ಕಟ್ಟುತ್ತಾನೆ. ಬೆಲೆ ಮೂರರಲ್ಲೊಂದರ ಹತ್ತಿರಕ್ಕೆ ಏರಿತು; ರಿವರಿನಲ್ಲಿ ಇನ್ನೊಂದು ಕಂತು ಬಾಕಿ ಇದೆ. ಇಲ್ಲಿಗೆ ಆಟ ನಿಜವಾಗಿ ಕಠಿಣವಾಯಿತು. ಲೆಕ್ಕಗಾರ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಷ್ಟು ದೊಡ್ಡದಾಗಿ ಕಟ್ಟುವಾಗ ಈ ಮನುಷ್ಯ ಬೆದರಿಸುತ್ತಿರುವುದು ಎಷ್ಟು ಸಲ, ರಾಜನನ್ನು ಹಿಡಿದಿರುವುದು ಎಷ್ಟು ಸಲ? ಬೆದರಿಸುವವನೆಂದು ಕಂಡರೆ ಸರಿಗಟ್ಟುತ್ತಾನೆ. ಇಲ್ಲವಾದರೆ ಎಲೆ ಬಿಟ್ಟು, ಹೋದ 5,100ನ್ನು ಅಲ್ಲಿಯೇ ಮರೆತು, ಮುಂದಿನ ಹಂಚಿಕೆಗೆ ಕಾಯುತ್ತಾನೆ. ಮಾನಧನನ ಮನಸ್ಸಿನಲ್ಲಿರುವುದು ಬೇರೆಯ ಮಾತು: ಇಷ್ಟು ಹಾಕಿದ ಮೇಲೆ ಈಗ ಬಿಡುವುದೇ? ನ್ಯಾಯಾಲಯದ ಮೆಟ್ಟಿಲ ಮೇಲೆ, ಸೋರುವ ಮನೆಯ ಮೂರನೆಯ ರಿಪೇರಿಯಲ್ಲಿ, ಓದಲಾರದ ಮಗನ ನಾಲ್ಕನೆಯ ಪರೀಕ್ಷಾಶುಲ್ಕದಲ್ಲಿ ಕೇಳಿಬರುವ ಮಾತೇ ಇದು. 7,000 ಕೊಡುತ್ತಾನೆ. ಉಳಿದ 12,900 ರಿವರಿನ ನೀರಿಗೆ ಬೀಳುವುದಕ್ಕೆ ತಡವಾಗುವುದಿಲ್ಲ.

ಬಡ ಎಲೆಗಳನ್ನು ಬಿಡಲಾರದವರಿಗೆ ಆಶ್ರಯವಾಗಿ ನಿಂತಿರುವ ಹೆಸರೊಂದಿದೆ. ಟೆಕ್ಸಾಸಿನ ಡಾಯ್ಲ್ ಬ್ರನ್ಸನ್ 1976ರಲ್ಲಿಯೂ 1977ರಲ್ಲಿಯೂ ಲಾಸ್ ವೇಗಸ್ಸಿನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಮುಖ್ಯ ಪಂದ್ಯವನ್ನು ಗೆದ್ದ. ಎರಡು ವರ್ಷವೂ ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದುದು ಹತ್ತು-ಎರಡು ಎಂಬ ಬಡ ಜೊತೆ. ಎರಡು ವರ್ಷವೂ ಮೂರು ಹತ್ತು, ಎರಡು ಎರಡು ಕೂಡಿ ಫುಲ್ ಹೌಸ್ ಆಯಿತು. ಅಂದಿನಿಂದ ಆ ಜೊತೆಗೆ ಅವನ ಹೆಸರೇ ನಿಂತಿತು. 2023ರಲ್ಲಿ 89ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಆದರೆ ಹತ್ತು-ಎರಡು ಬಂದಾಗಲೆಲ್ಲ ‘ಬ್ರನ್ಸನ್ ಕೈ’ ಎಂದು ಹಿಗ್ಗಿ ಹಣ ಸುರಿಯುವವರಿಗೆ ಇಂದಿಗೂ ಬರವಿಲ್ಲ. ಕೊನೆಯ ಆಟದಲ್ಲಿ ಮೇಜಿನ ಮುಂದೆ ಇಬ್ಬರೇ ಉಳಿದಿರುತ್ತಾರೆ, ಪ್ರತಿ ಹಂಚಿಕೆಯಲ್ಲಿಯೂ ಇಬ್ಬರೂ ಬ್ಲೈಂಡು ಕಟ್ಟಿರುತ್ತಾರೆ, ಅಲ್ಲಿ ಹತ್ತು-ಎರಡನ್ನೂ ಎಷ್ಟೋ ಸಲ ಆಡಿಯೇ ತೀರಬೇಕು ಎಂಬುದನ್ನು ಅವರು ಯೋಚಿಸುವುದಿಲ್ಲ.

ಈಚಿನ ಗುರುಗಳು ಮನುಷ್ಯರಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರೇ ಆಡುವ, ಪಣಕ್ಕೆ ಮಿತಿಯಿರುವ ಪೋಕರನ್ನು ಗಣಕಯಂತ್ರದ ಲೆಕ್ಕದಿಂದ ಬಹುಮಟ್ಟಿಗೆ ಬಿಡಿಸಿಬಿಟ್ಟರು. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಯಂತ್ರ ಮಿತಿಯಿಲ್ಲದ ಆಟದಲ್ಲಿ ನಾಲ್ವರು ವೃತ್ತಿಪರರನ್ನು ಇಪ್ಪತ್ತು ದಿನ, 1,20,000 ಹಂಚಿಕೆಗಳ ಕಾಲ ಎದುರಿಸಿ ಗೆದ್ದಿತು. ಅಂತಹ ಲೆಕ್ಕದ ಯಂತ್ರಗಳು ಇಂದು ಆಟಗಾರರ ಮನೆಗಳಿಗೂ ಬಂದಿವೆ. ಹಳೆಯ ಪುಸ್ತಕಗಳು ಬಿಸಾಡು ಎಂದಿದ್ದ ಎಷ್ಟೋ ಎಲೆಗಳನ್ನು ಬಿಗ್ ಬ್ಲೈಂಡಿನಿಂದ ಆಡಬೇಕೆಂದು ಅವು ತೋರಿಸಿಕೊಟ್ಟವು. ಯಂತ್ರಕ್ಕೊಂದು ಅನುಕೂಲ ಉಂಟು: ಕಳೆದ ಸಾವಿರದ ನೆನಪು ಅದನ್ನು ಕಾಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ಮುಗಿದ ಮೇಲೂ ಪಂದ್ಯಾವಳಿಗೆ ಒಂದು ಬೇರೆ ಧರ್ಮ ಉಂಟು. ಮುಖ್ಯ ಪಂದ್ಯದಲ್ಲಿ ಬಿಲ್ಲೆ ಮುಗಿದವನಿಗೆ ಮತ್ತೆ ಬಿಲ್ಲೆ ಸಿಗದು. ಕುರ್ಚಿ ಬಿಟ್ಟು ಏಳಬೇಕು. ಹಾಗಾಗಿ ಕಳೆದುಕೊಂಡ ಬಿಲ್ಲೆಯ ತೂಕ ಗಳಿಸಿದ ಬಿಲ್ಲೆಗಿಂತ ಹೆಚ್ಚು. 1982ರಲ್ಲಿ ಜ್ಯಾಕ್ ಸ್ಟ್ರೌಸ್ ಎಂಬ ಆಜಾನುಬಾಹು ಒಂದೇ ಬಿಲ್ಲೆಗೆ ಇಳಿದು, ಅಲ್ಲಿಂದ ಮೇಲೆದ್ದು ಮುಖ್ಯ ಪಂದ್ಯವನ್ನೇ ಗೆದ್ದು 5,20,000 ಡಾಲರು ಪಡೆದ. ‘ಒಂದು ಬಿಲ್ಲೆ, ಒಂದು ಕುರ್ಚಿ’ ಎಂಬುದು ಅಂದಿನಿಂದ ಆಟಗಾರರ ನಾಣ್ಣುಡಿಯಾಯಿತು. 2024ರ ಮುಖ್ಯ ಪಂದ್ಯಕ್ಕೆ ತಲೆಗೆ 10,000 ಡಾಲರು ಪ್ರವೇಶಧನ ತೆತ್ತು 10,112 ಮಂದಿ ಕುಳಿತರು. ಅವರಲ್ಲಿ ಬಹುಮಾನ ದೊರೆತದ್ದು ನೂರಕ್ಕೆ ಸುಮಾರು 15 ಮಂದಿಗೆ. ಅತಿ ಕಡಿಮೆಯದೆಂದರೆ 15,000 ಡಾಲರು. ಆ ಗೆರೆಗೆ ಒಬ್ಬನೇ ಹೊರಗಾಗಿ ಎದ್ದವನು ಹಲವು ದಿನ ಕುಳಿತು ಆಡಿ, ಬರಿಗೈಯಲ್ಲಿ ಊರಿಗೆ ಹೋಗುವವನು.

ಆ ಗೆರೆ ಹತ್ತಿರವಾಗುತ್ತಿದ್ದಂತೆ ರಾಶಿಯ ಲೆಕ್ಕ ಹೇಳುವ ಬೆಲೆ ಸುಳ್ಳಾಗತೊಡಗುತ್ತದೆ. 1,200 ಎಂಬುದು ಬಿಲ್ಲೆಗಳಲ್ಲಿ 1,200 ಇದ್ದರೂ, ಉಳಿವಿನ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಒಂಬತ್ತು-ಆರನ್ನು ಬೆಳಿಗ್ಗೆ ಸರಿಗಟ್ಟಿದವನೇ ರಾತ್ರಿ ಬಿಟ್ಟುಕೊಡುತ್ತಾನೆ, ಎರಡು ಸಲವೂ ಲೆಕ್ಕ ತಿಳಿದೇ. ರಾಶಿ ಹೆಚ್ಚಿರುವವರಿಗೆ ಈ ಸಂಗತಿ ತಿಳಿಯದೆ ಇಲ್ಲ. ಉಳಿದವರು ಉಸಿರು ಬಿಗಿಹಿಡಿದು ಕುಳಿತ ಆ ಗಂಟೆಯಲ್ಲಿಯೇ ಅವರು ಬೇಲಿಯನ್ನು ಗೇಣಿನ ಬದಲು ಮಾರಿನಲ್ಲಿ ಸರಿಸುತ್ತಾರೆ. ದೊಡ್ಡ ಪಂದ್ಯದ ಪ್ರವೇಶವನ್ನೇ ಬಹುಮಾನವಾಗಿ ಕೊಡುವ ಸ್ಯಾಟಲೈಟ್ ಎಂಬ ಕಿರುಪಂದ್ಯಗಳಲ್ಲಂತೂ ವಿಚಿತ್ರವೇ ನಡೆಯುತ್ತದೆ. ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಅಂತಹ ಕಿರುಪಂದ್ಯದ ಬಾಗಿಲಿನಿಂದಲೇ ಬಂದು, 2003ರಲ್ಲಿ 839 ಮಂದಿಯ ಮುಖ್ಯ ಪಂದ್ಯವನ್ನು ಗೆದ್ದು 25 ಲಕ್ಷ ಡಾಲರು ಪಡೆದದ್ದು. ಅಲ್ಲಿ ಹತ್ತು ಸಮಾನ ಬಹುಮಾನ, ಹನ್ನೊಂದು ಮಂದಿ ಉಳಿದಿದ್ದಾರೆ ಎನ್ನೋಣ. ಒಬ್ಬನ ಬಳಿ ಇನ್ನೊಂದು ಸುತ್ತಿಗೂ ಸಾಲದಷ್ಟು ಬಿಲ್ಲೆ. ನೆಮ್ಮದಿಯ ರಾಶಿಯುಳ್ಳ ಬಿಗ್ ಬ್ಲೈಂಡಿನವನಿಗೆ ಜೋಡಿ ಎಕ್ಕವೇ ಬಂದಿದೆ, ಅವನಿಗಿಂತ ಶ್ರೀಮಂತನೊಬ್ಬ ಎಲ್ಲ ಬಿಲ್ಲೆಗಳನ್ನೂ ಮುಂದೆ ನೂಕಿದ್ದಾನೆ. ಬಲ್ಲವನು ಎಕ್ಕಗಳನ್ನು ಮುಖಕೆಳಗಾಗಿ ಸರಿಸಿಬಿಡುತ್ತಾನೆ. ಗೆದ್ದರೂ ಹೆಚ್ಚಿಗೆ ಬರುವುದೇನೂ ಇಲ್ಲ. ಸೋತರೆ ಇರುವುದೂ ಹೋಗುತ್ತದೆ.

ಅಷ್ಟರಲ್ಲಿ ಬಟನ್ ಒಂದು ಸ್ಥಾನ ಮುಂದೆ ಸರಿದಿರುತ್ತದೆ. ಬಿಗ್ ಬ್ಲೈಂಡ್ ಕಟ್ಟಿದ್ದವನು ಈಗ ಸ್ಮಾಲ್ ಬ್ಲೈಂಡ್ ಕಟ್ಟಬೇಕು. ಅರ್ಧ ಹಣ, ಅದಕ್ಕೂ ಕೆಟ್ಟ ಸ್ಥಾನ. ಆ ಜಾಗದ ಕಷ್ಟ ಬೇರೆಯೇ ಒಂದು ಕಥೆ.